ಹಳೆಯ ವಾಹನಗಳಲ್ಲಿ ರೇಡಿಯೇಟರ್ ಸೋರಿಕೆ

ರೇಡಿಯೇಟರ್ ಸೋರಿಕೆ ಎಂಬುದು ಮೋಟಾರು ವಾಹನದ ಎಂಜಿನ್ನನ್ನು ತಂಪಾಗಿಡುವ ದ್ರವವು ರೇಡಿಯೇಟರಿನ ಕೊಳವೆ, ಟ್ಯಾಂಕ್ ಅಥವಾ ಬೆಸುಗೆಯ ಸಂದುಗಳಿಂದ ಹೊರಹೋಗುವ ದೋಷವಾಗಿದೆ. ಹಿಂದೂಸ್ತಾನ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಜೀಪು ಮತ್ತು ಲಾರಿಗಳಂತಹ ವಾಹನಗಳ ರೇಡಿಯೇಟರುಗಳು ತಾಮ್ರ ಹಾಗೂ ಹಿತ್ತಾಳೆಯಿಂದ ಮಾಡಲ್ಪಟ್ಟು, ತವರ-ಸೀಸದ ಬೆಸುಗೆಯಿಂದ ಜೋಡಿಸಲ್ಪಟ್ಟಿರುತ್ತವೆ. ಬೆಸುಗೆಯಿಂದ ಕೂಡಿಸಿದ್ದನ್ನು ಬೆಸುಗೆಯಿಂದಲೇ ಬಿಚ್ಚಬಹುದು, ಮತ್ತೆ ಕೂಡಿಸಲೂಬಹುದು. ಆದ್ದರಿಂದ ಇಂತಹ ರೇಡಿಯೇಟರ್ ಸೋರಿದೊಡನೆ ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ಅಲ್ಯುಮಿನಿಯಮ್ ಕೋರ್ ಮತ್ತು ಪ್ಲಾಸ್ಟಿಕ್ ಟ್ಯಾಂಕುಗಳುಳ್ಳ ಇತ್ತೀಚಿನ ರೇಡಿಯೇಟರುಗಳಲ್ಲಿ ಈ ಅನುಕೂಲ ಬಹುಮಟ್ಟಿಗೆ ಇಲ್ಲ. ದುರಸ್ತಿಯೋ ಬದಲಾವಣೆಯೋ ಎಂಬ ನಿರ್ಧಾರವು ಸೋರಿಕೆ ಎಷ್ಟು ದೊಡ್ಡದು ಎಂಬುದಕ್ಕಿಂತ, ಅದು ಎಲ್ಲಿದೆ ಮತ್ತು ಏಕೆ ಉಂಟಾಯಿತು ಎಂಬುದನ್ನು ಅವಲಂಬಿಸಿದೆ.

ರಚನೆ ಮತ್ತು ಕಾರ್ಯ

ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ತಂಪುಕಾರಿ ದ್ರವದ ಮೂಲಕ ಹೊರಹೋಗಬೇಕಾಗುತ್ತದೆ. ಎಂಜಿನ್ ಬ್ಲಾಕ್ ಮತ್ತು ಹೆಡ್ಡಿನೊಳಗಿನ ಕಾಲುವೆಗಳಲ್ಲಿ ಹರಿದು ಬಿಸಿಯಾದ ದ್ರವವು ಮೇಲಿನ ಹೋಸ್ ಪೈಪಿನ ಮೂಲಕ ರೇಡಿಯೇಟರಿನ ಮೇಲ್ ಟ್ಯಾಂಕಿಗೆ ಬರುತ್ತದೆ. ಅಲ್ಲಿಂದ ಅನೇಕ ಚಪ್ಪಟೆ ಕೊಳವೆಗಳ ಮೂಲಕ ಕೆಳಗಿಳಿಯುವಾಗ, ಕೊಳವೆಗಳಿಗೆ ಅಂಟಿಕೊಂಡ ತೆಳುವಾದ ರೆಕ್ಕೆಗಳ ನಡುವೆ ಹಾಯುವ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು, ಕೆಳ ಟ್ಯಾಂಕಿನಿಂದ ವಾಟರ್ ಪಂಪಿನ ಮೂಲಕ ಮತ್ತೆ ಎಂಜಿನ್ನಿಗೆ ಮರಳುತ್ತದೆ. ಕೊಳವೆ ಮತ್ತು ರೆಕ್ಕೆಗಳ ಈ ನಡುಭಾಗಕ್ಕೆ ಕೋರ್ ಎಂದು ಹೆಸರು. ಕೊಳವೆಗಳ ತುದಿಗಳು ಕೂಡುವ ಹಿತ್ತಾಳೆಯ ತಟ್ಟೆಯನ್ನು ಹೆಡರ್ ಪ್ಲೇಟ್ ಎನ್ನುತ್ತಾರೆ. 'ರೇಡಿಯೇಟರ್' ಎಂಬ ಹೆಸರು ವಿಕಿರಣವನ್ನು ಸೂಚಿಸುತ್ತದೆಯಾದರೂ, ಇಲ್ಲಿ ಶಾಖದ ಹೆಚ್ಚಿನ ಪಾಲನ್ನು ಒಯ್ಯುವುದು ಹರಿಯುವ ಗಾಳಿಯೇ. ಭೌತಶಾಸ್ತ್ರದ ದೃಷ್ಟಿಯಿಂದ ಈ ಹೆಸರು ಅಷ್ಟು ಸರಿಯಲ್ಲ.

ತಾಮ್ರದ ಉಷ್ಣವಾಹಕತೆ ಅಲ್ಯುಮಿನಿಯಮ್ಮಿಗಿಂತ ಹೆಚ್ಚು. ಆದರೆ ತಾಮ್ರದ ಸಾಂದ್ರತೆ ಅಲ್ಯುಮಿನಿಯಮ್ಮಿನ ಮೂರು ಪಟ್ಟಿಗಿಂತಲೂ ಅಧಿಕ, ಬೆಲೆಯೂ ದುಬಾರಿ. ಆದ್ದರಿಂದ 1970ರ ದಶಕದಿಂದೀಚೆಗೆ ತಯಾರಕರು ಕ್ರಮೇಣ ಅಲ್ಯುಮಿನಿಯಮ್ಮಿನತ್ತ ತಿರುಗಿದರು.

ರೇಡಿಯೇಟರಿನ ಮುಚ್ಚಳ ನೋಡಲು ಸಾಮಾನ್ಯ ವಸ್ತುವಾದರೂ ಅದರ ಕೆಲಸ ಮುಖ್ಯವಾದುದು. ಅದರಲ್ಲಿರುವ ಸ್ಪ್ರಿಂಗ್ ಕವಾಟವು ವ್ಯವಸ್ಥೆಯೊಳಗಿನ ಒತ್ತಡವನ್ನು ಒಂದು ಮಿತಿಯವರೆಗೆ ಏರಗೊಡುತ್ತದೆ. ಒತ್ತಡ ಏರಿದಂತೆ ನೀರಿನ ಕುದಿಬಿಂದುವೂ ಏರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕುದಿಯುತ್ತದೆ. 15 ಪಿಎಸ್‌ಐ ಮುಚ್ಚಳದಡಿಯಲ್ಲಿ ಅದೇ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಇರಬಲ್ಲದು. 1950ರ ದಶಕದ ಅನೇಕ ಕಾರುಗಳ ಮುಚ್ಚಳಗಳು 4ರಿಂದ 7 ಪಿಎಸ್‌ಐ ಒತ್ತಡಕ್ಕೆ ರೂಪಿಸಿದವು. ಸೋರಿಕೆಯಿದ್ದಲ್ಲಿ ಒತ್ತಡ ನಿಲ್ಲುವುದಿಲ್ಲ. ಒತ್ತಡ ನಿಲ್ಲದಿದ್ದರೆ ದ್ರವ ಬೇಗ ಕುದಿಯುತ್ತದೆ. ಹನಿಹನಿಯಾಗಿ ಸೋರುವ ರೇಡಿಯೇಟರ್ ಊರೊಳಗಿನ ಓಡಾಟದಲ್ಲಿ ತೊಂದರೆ ಕೊಡದೆ, ಘಾಟಿ ಏರುವಾಗ ಒಮ್ಮೆಲೇ ಉಗಿಯೆಬ್ಬಿಸುವುದಕ್ಕೆ ಇದು ಒಂದು ಕಾರಣ.

ಇತಿಹಾಸ

ಆರಂಭದ ಮೋಟಾರು ವಾಹನಗಳಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಚಾಲಕರು ದಾರಿಯುದ್ದಕ್ಕೂ ನೀರು ತುಂಬಿಸುತ್ತಿದ್ದರು. ಜರ್ಮನಿಯ ಎಂಜಿನಿಯರ್ ವಿಲ್ಹೆಲ್ಮ್ ಮೈಬಾಕ್ ಅವರು ರೂಪಿಸಿದ ಜೇನುಗೂಡಿನಾಕಾರದ ರೇಡಿಯೇಟರ್ ಈ ಸ್ಥಿತಿಯನ್ನು ಬದಲಿಸಿತು. 1900-01ರ ಮರ್ಸಿಡಿಸ್ 35 ಅಶ್ವಶಕ್ತಿಯ ಕಾರಿನಲ್ಲಿ ಅಳವಡಿಸಿದ ಈ ರೇಡಿಯೇಟರಿನಲ್ಲಿ 6 ಮಿಲಿಮೀಟರ್ ಅಳತೆಯ ಚೌಕಾಕಾರದ 8,070 ಕಿರುಕೊಳವೆಗಳನ್ನು ಬೆಸೆಯಲಾಗಿತ್ತು. ಗಾಳಿ ಈ ಕೊಳವೆಗಳೊಳಗೆ ಹಾಯುತ್ತಿತ್ತು, ನೀರು ಅವುಗಳ ನಡುವಿನ ಸಂದುಗಳಲ್ಲಿ ಹರಿಯುತ್ತಿತ್ತು. ಎಂಜಿನ್ನನ್ನು ತಂಪಾಗಿಡಲು ಬೇಕಾದ ನೀರಿನ ಪ್ರಮಾಣ ಅರ್ಧದಷ್ಟು ಇಳಿದು ಸುಮಾರು 9 ಲೀಟರಿಗೆ ಬಂದಿತು. ಅಷ್ಟೊಂದು ಸಂದುಗಳನ್ನು ಬೆಸೆಯುವುದು ದುಬಾರಿ ಕೆಲಸವಾದ್ದರಿಂದ ಮುಂದೆ ಕೊಳವೆ ಮತ್ತು ರೆಕ್ಕೆಗಳ ಸರಳ ರಚನೆ ಬಳಕೆಗೆ ಬಂದು ನೆಲೆಯೂರಿತು.

ಸೋರಿಕೆಯ ಕಾರಣಗಳು

ಕಲ್ಲು ಬಡಿದು ಅಥವಾ ಫ್ಯಾನಿನ ಎಲೆ ತಾಗಿ ಆಗುವ ತೂತುಗಳು ಕಣ್ಣಿಗೆ ಕಾಣುವಂಥವು. ಆದರೆ ಹಳೆಯ ವಾಹನಗಳಲ್ಲಿ ಹೆಚ್ಚಿನ ಸೋರಿಕೆಗಳು ನಿಧಾನವಾಗಿ, ಒಳಗಿನಿಂದಲೇ ಬೆಳೆಯುತ್ತವೆ. ಪ್ರತಿ ಪ್ರಯಾಣದಲ್ಲೂ ರೇಡಿಯೇಟರ್ ಬಿಸಿಯಾಗಿ ಹಿಗ್ಗುತ್ತದೆ, ನಿಂತ ಮೇಲೆ ಆರಿ ಕುಗ್ಗುತ್ತದೆ. ಈ ಹಿಗ್ಗು-ಕುಗ್ಗಿನ ಭಾರವನ್ನು ಮೃದುವಾದ ಬೆಸುಗೆ ಹೊರಬೇಕಾಗುತ್ತದೆ. ರಸ್ತೆಯ ಕುಲುಕಾಟ ಅದಕ್ಕೆ ಸೇರಿಕೊಂಡಾಗ ಹೆಡರ್ ಪ್ಲೇಟಿಗೆ ಕೊಳವೆ ಕೂಡುವಲ್ಲಿ, ಟ್ಯಾಂಕಿನ ಅಂಚಿನಲ್ಲಿ ಮತ್ತು ಹೋಸ್ ಪೈಪ್ ಸೇರುವ ಕತ್ತಿನಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ರೇಡಿಯೇಟರನ್ನು ಚೌಕಟ್ಟಿನ ಮೇಲೆ ಕೂರಿಸುವ ರಬ್ಬರ್ ದಿಂಬುಗಳು ಸವೆದು ಹೋಗಿದ್ದರೆ ಈ ಬಿರುಕುಗಳು ಬೇಗ ಬರುತ್ತವೆ. ದುರಸ್ತಿಯ ನಂತರವೂ ಅದೇ ಜಾಗದಲ್ಲಿ ಮತ್ತೆ ಸೋರಿದರೆ ಮೊದಲು ನೋಡಬೇಕಾದದ್ದು ಈ ದಿಂಬುಗಳನ್ನು.

ಎರಡನೆಯ ಶತ್ರು ನೀರು. ಕರ್ನಾಟಕದ ಬಯಲುಸೀಮೆಯ ಕೊಳವೆ ಬಾವಿಗಳ ನೀರು ಅನೇಕ ಕಡೆ ಗಡಸು. ಅಂತಹ ನೀರನ್ನೇ ವರ್ಷಗಟ್ಟಲೆ ತುಂಬಿಸಿದಾಗ, ಸ್ನಾನದ ಮನೆಯ ಹಂಡೆಯೊಳಗೆ ಕಟ್ಟುವ ಬಿಳಿಯ ಗಸಿಯೇ ರೇಡಿಯೇಟರಿನ ಕೊಳವೆಗಳೊಳಗೂ ಕಟ್ಟುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಈ ಪದರದ ಉಷ್ಣವಾಹಕತೆ ತಾಮ್ರದ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕೊಳವೆ ಕಿರಿದಾಗಿ ಹರಿವು ತಗ್ಗುತ್ತದೆ, ಎಂಜಿನ್ ಕಾಯುತ್ತದೆ, ಒತ್ತಡ ಹೆಚ್ಚಿ ದುರ್ಬಲವಾದ ಸಂದು ಬಾಯಿಬಿಡುತ್ತದೆ. ಇಲ್ಲಿ ಸೋರಿಕೆಯು ರೋಗದ ಲಕ್ಷಣವೇ ಹೊರತು ರೋಗವಲ್ಲ. ತೂತನ್ನು ಮುಚ್ಚಿದರೆ ಮುಂದಿನ ದುರ್ಬಲ ಸ್ಥಳದಲ್ಲಿ ಸೋರುತ್ತದೆ.

ಕೂಲಂಟ್ ಹಳೆಯದಾದಾಗ ಅದರಲ್ಲಿನ ತುಕ್ಕುನಿರೋಧಕ ಅಂಶಗಳು ತೀರಿಹೋಗುತ್ತವೆ. ಆಗ ಬೆಸುಗೆಯೇ ಸವೆದು ಕೊಳವೆಯ ಬಾಯಿಗಳಲ್ಲಿ ಬಿಳಿಯ ಹುಡಿಯಂತೆ ಉಬ್ಬಿ ಬರುತ್ತದೆ. ಸಾಂಪ್ರದಾಯಿಕ ಹಸಿರು ಕೂಲಂಟನ್ನು ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಾಯಿಸಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ತಾಮ್ರ, ಹಿತ್ತಾಳೆ ಮತ್ತು ಬೆಸುಗೆಯ ರಕ್ಷಣೆಗೆ ತಕ್ಕ ಅಂಶಗಳುಳ್ಳ ಕೂಲಂಟೇ ಹಳೆಯ ವಾಹನಗಳಿಗೆ ಹೊಂದುತ್ತದೆ. ಅಲ್ಯುಮಿನಿಯಮ್ ರೇಡಿಯೇಟರುಗಳಿಗಾಗಿ ತಯಾರಾದ ಎಲ್ಲ ಹೊಸ ಬಗೆಯ ಕೂಲಂಟುಗಳಲ್ಲಿಯೂ ಅವು ಇರುತ್ತವೆಂದು ಭಾವಿಸಲಾಗದು.

ಸೋರಿಕೆಯನ್ನು ಪತ್ತೆಹಚ್ಚುವುದು

ವಾಹನದ ಮುಂಭಾಗದಲ್ಲಿ ನೆಲ ಒದ್ದೆಯಾದ ಮಾತ್ರಕ್ಕೆ ರೇಡಿಯೇಟರ್ ಸೋರುತ್ತಿದೆ ಎಂದು ಹೇಳಲಾಗದು. ಬಿರುಕು ಬಿಟ್ಟ ಹೋಸ್ ಪೈಪ್, ಸಡಿಲಗೊಂಡ ಕ್ಲಿಪ್ಪು, ಕೆಳ ಟ್ಯಾಂಕಿನ ಡ್ರೈನ್ ನಲ್ಲಿ, ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರ, ಎಂಜಿನ್ ಬ್ಲಾಕಿನ ಬಿಲ್ಲೆಗಳು - ಇವುಗಳಲ್ಲಿ ಯಾವುದರಿಂದಲೂ ನೀರು ಬರಬಹುದು. ಫ್ಯಾನಿನ ಗಾಳಿ ಆ ನೀರನ್ನು ದೂರಕ್ಕೆ ಎರಚುವುದರಿಂದ ಹನಿ ಬಿದ್ದ ಜಾಗ ಸುಳ್ಳು ಸಾಕ್ಷಿ ಹೇಳುವುದುಂಟು. ಪಂಪಿನ ರಂಧ್ರದಿಂದ ನೀರು ಬರುತ್ತಿದ್ದರೆ ಪಂಪಿನ ಸೀಲ್ ಸವೆದಿದೆ ಎಂದರ್ಥ, ರೇಡಿಯೇಟರನ್ನು ಬಿಚ್ಚಿ ಪ್ರಯೋಜನವಿಲ್ಲ.

ತಣ್ಣಗಿನ ರೇಡಿಯೇಟರಿನ ಮೇಲೆ ಒಣಗಿದ ಹಸಿರು ಅಥವಾ ಬಿಳಿಯ ಕಲೆ ಸೋರಿಕೆಯ ಹಳೆಯ ಗುರುತು. ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟಾಗ ಏಳುವ ಕಿಲುಬಿಗೆ ಅದನ್ನು ಹೋಲಿಸಬಹುದು. ಖಚಿತವಾದ ಪರೀಕ್ಷೆಗೆ ಮುಚ್ಚಳದ ಜಾಗದಲ್ಲಿ ಕೈಪಂಪಿನ ಒತ್ತಡಮಾಪಕವನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ ಕೊಟ್ಟು, ಮುಳ್ಳು ಕೆಳಗಿಳಿಯುವುದೇ ಎಂದು ಕೆಲವು ನಿಮಿಷ ನೋಡಲಾಗುತ್ತದೆ. ಮುಳ್ಳು ಇಳಿದರೂ ಹೊರಗೆ ಎಲ್ಲಿಯೂ ತೇವ ಕಾಣದಿದ್ದರೆ ನೀರು ಎಂಜಿನ್ನಿನೊಳಗೇ ಹೋಗುತ್ತಿರಬಹುದು. ಎಂಜಿನ್ ಓಡುವಾಗ ರೇಡಿಯೇಟರಿನ ಬಾಯಲ್ಲಿ ಎಡೆಬಿಡದೆ ಗುಳ್ಳೆಗಳೇಳುವುದು, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು, ಸೈಲೆನ್ಸರಿನಿಂದ ಬಿಳಿಯ ಹೊಗೆ ಬರುತ್ತಲೇ ಇರುವುದು - ಇವು ಹೆಡ್ ಗ್ಯಾಸ್ಕೆಟ್ ಹೋಗಿರುವುದರ ಸೂಚನೆಗಳು. ಅಂತಹ ವಾಹನಕ್ಕೆ ಹೊಸ ರೇಡಿಯೇಟರ್ ಹಾಕಿಸಿದವರು ಎರಡು ಬಾರಿ ಹಣ ಕೊಡಬೇಕಾಗುತ್ತದೆ.

ತಾತ್ಕಾಲಿಕ ಉಪಾಯಗಳು

ನಡುದಾರಿಯಲ್ಲಿ ರೇಡಿಯೇಟರ್ ಸೋರಿದಾಗ ಅದಕ್ಕೆ ಅರಿಶಿನ ಪುಡಿ ಹಾಕುವುದು ಭಾರತದ ಲಾರಿ ಮತ್ತು ಬಸ್ ಚಾಲಕರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಉಪಾಯ. ನೀರಿನಲ್ಲಿ ಕರಗದ ಅದರ ಕಣಗಳು ನೆನೆದು ಉಬ್ಬಿ, ಹರಿವಿನೊಡನೆ ಬಿರುಕಿನ ಬಾಯಿಗೆ ಬಂದು ಅಲ್ಲಿ ಸಿಲುಕಿ ಗಟ್ಟಿಯಾಗುತ್ತವೆ. ಇತರ ದೇಶಗಳಲ್ಲಿ ಮೊಟ್ಟೆಯ ಬಿಳಿ, ಕರಿಮೆಣಸಿನ ಪುಡಿ ಮೊದಲಾದವುಗಳನ್ನು ಇದೇ ಉದ್ದೇಶಕ್ಕೆ ಬಳಸಿದ್ದುಂಟು. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆ ಪುಡಿಗಳೂ ದ್ರವಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ. ಕೆಲವುಗಳಲ್ಲಿ ನಾರಿನ ಅಥವಾ ಲೋಹದ ಸಣ್ಣ ಚೂರುಗಳಿದ್ದರೆ, ಇನ್ನು ಕೆಲವುಗಳಲ್ಲಿ ಬಿಸಿಯ ಜಾಗದಲ್ಲಿ ಗಾಜಿನಂತೆ ಗಟ್ಟಿಯಾಗುವ ಸೋಡಿಯಂ ಸಿಲಿಕೇಟ್ ಇರುತ್ತದೆ.

ಸೂಜಿಮೊನೆಯಷ್ಟು ತೂತಿಗೆ ಈ ಉಪಾಯ ಕೆಲಸ ಮಾಡುತ್ತದೆ, ಊರು ಸೇರಿಸುತ್ತದೆ. ಆದರೆ ಬಿರುಕಿಗೂ ಬೇಕಾದ ಕೊಳವೆಗೂ ನಡುವಿನ ಭೇದ ಅರಿಶಿನಕ್ಕೆ ತಿಳಿಯದು. ಈಗಾಗಲೇ ಗಸಿ ಕಟ್ಟಿ ಕಿರಿದಾದ ಕೊಳವೆಗಳಲ್ಲಿಯೂ, ಕಾರಿನೊಳಗಿನ ಹೀಟರಿನ ಸಣ್ಣ ಕೋರಿನಲ್ಲಿಯೂ ಅದು ಕೂರುತ್ತದೆ. ಊರು ಸೇರಿದ ಮೇಲೆ ವ್ಯವಸ್ಥೆಯನ್ನು ಪೂರ್ತಿ ತೊಳೆಯದೆ ಬಿಟ್ಟರೆ ಮುಂದಿನ ಬೇಸಿಗೆಯಲ್ಲಿ ಎಂಜಿನ್ ಕಾಯಲು ಅದೇ ಕಾರಣವಾಗುತ್ತದೆ. ಎಂ-ಸೀಲ್‌ನಂತಹ ಎಪಾಕ್ಸಿ ಅಂಟನ್ನು ಹೊರಗಿನಿಂದ ಮೆತ್ತುವುದೂ ತಾತ್ಕಾಲಿಕವೇ. ಅದರ ಇನ್ನೊಂದು ತೊಂದರೆಯೆಂದರೆ, ಮುಂದೆ ಬೆಸುಗೆ ಹಾಕುವವರು ಆ ಅಂಟನ್ನು ಕೆರೆದು ತೆಗೆಯುವುದಕ್ಕೇ ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ.

ಬೆಸುಗೆಯಿಂದ ದುರಸ್ತಿ

ತಾಮ್ರ-ಹಿತ್ತಾಳೆಯ ರೇಡಿಯೇಟರಿನ ದುರಸ್ತಿಯು ಪಾತ್ರೆಗಳಿಗೆ ಕಲಾಯಿ ಹಾಕುವ ಕಸುಬಿಗೆ ಹತ್ತಿರದ್ದು. ಎರಡರಲ್ಲಿಯೂ ಲೋಹವನ್ನು ಹೊಳೆಯುವಂತೆ ಶುದ್ಧಗೊಳಿಸುವುದು ಮೊದಲ ಕೆಲಸ, ತವರ ಹರಡುವುದು ಆಮೇಲಿನದು. ಕಲಾಯಿಯವರು ನವಸಾಗರವನ್ನು ಬಳಸುವಲ್ಲಿ ರೇಡಿಯೇಟರ್ ಕೆಲಸಗಾರರು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸತುವನ್ನು ಕರಗಿಸಿದ ದ್ರಾವಣವನ್ನು ಹಚ್ಚುತ್ತಾರೆ. ಲೋಹದ ಮೇಲಿನ ಆಕ್ಸೈಡ್ ಪದರವನ್ನು ಇದು ತೆಗೆದುಹಾಕುವುದರಿಂದ ಬೆಸುಗೆ ಹಿಡಿಯುತ್ತದೆ.

ಬಿಚ್ಚಿದ ರೇಡಿಯೇಟರನ್ನು ಮೊದಲು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅದ್ದಿ ಜಿಡ್ಡು ಮತ್ತು ಬಣ್ಣವನ್ನು ತೆಗೆಯಲಾಗುತ್ತದೆ. ಇದು ತಾಮ್ರ-ಹಿತ್ತಾಳೆಗೆ ಮಾತ್ರ ಸಲ್ಲುವ ವಿಧಾನ. ಅಲ್ಯುಮಿನಿಯಮ್ ಕಾಸ್ಟಿಕ್ ಸೋಡಾದಲ್ಲಿ ಕರಗಿಹೋಗುತ್ತದೆ. ಅನಂತರ ಎಲ್ಲ ಬಾಯಿಗಳಿಗೂ ಬಿರಟೆ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಹದವಾದ ಒತ್ತಡದ ಗಾಳಿ ತುಂಬುತ್ತಾರೆ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವ ಹಾಗೆಯೇ, ಗುಳ್ಳೆಯೇಳುವ ಜಾಗವೇ ಸೋರುವ ಜಾಗ. ಗುರುತು ಮಾಡಿದ ಮೇಲೆ ನೀರನ್ನು ಪೂರ್ತಿ ಬಸಿದು ಆ ಭಾಗವನ್ನು ಒಣಗಿಸುವುದು ಅತ್ಯಗತ್ಯ. ಒಳಗೆ ಸ್ವಲ್ಪ ನೀರು ನಿಂತರೂ ಅದು ಕೊಟ್ಟ ಶಾಖವನ್ನೆಲ್ಲ ಹೀರಿ ಆ ಜಾಗವನ್ನು 100 ಡಿಗ್ರಿಯ ಮೇಲೆ ಹೋಗಗೊಡುವುದಿಲ್ಲ. ತವರ-ಸೀಸದ ಬೆಸುಗೆಗೆ ಬೇಕಾದದ್ದು ಕನಿಷ್ಠ 183 ಡಿಗ್ರಿ.

ಕೆಲಸದ ಸೂಕ್ಷ್ಮವಿರುವುದು ಜ್ವಾಲೆಯನ್ನು ಹಿಡಿಯುವುದರಲ್ಲಿ. ತಾಮ್ರ 1,085 ಡಿಗ್ರಿಯಲ್ಲಿ ಕರಗುವುದರಿಂದ ಕೊಳವೆ ಕರಗುವ ಭಯವಿಲ್ಲ. ಆದರೆ ಸೋರುವ ಸಂದಿನ ಪಕ್ಕದ ಸಂದುಗಳೂ ಅದೇ ಬೆಸುಗೆಯಿಂದ ಕೂಡಿದವು. ಅನನುಭವಿಯು ಒಂದು ತೂತನ್ನು ಮುಚ್ಚಲು ಹೋಗಿ ಅಕ್ಕಪಕ್ಕದಲ್ಲಿ ಮೂರು ತೂತುಗಳನ್ನು ತೆರೆಯುವುದು ಹೀಗೆಯೇ. ಅನುಭವಿಗಳು ಸಣ್ಣ ಜ್ವಾಲೆಯನ್ನು ಬಳಸಿ, ನೆರೆಯ ಸಂದುಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬೆಸುಗೆ ಕರಗಿ ಸಂದಿನೊಳಕ್ಕೆ ತಾನಾಗಿ ಹರಿದ ಕ್ಷಣವೇ ಜ್ವಾಲೆಯನ್ನು ಹಿಂತೆಗೆಯುತ್ತಾರೆ. ಹಳೆಯ ಬಿರುಕಿನ ಮೇಲೆ ಹೊಸ ಬೆಸುಗೆಯನ್ನು ಮುದ್ದೆಯಾಗಿ ಇಟ್ಟರೆ ಅದು ಹೆಚ್ಚು ಕಾಲ ನಿಲ್ಲದು. ಕೊನೆಗೆ ಉಳಿದ ಆಮ್ಲವನ್ನು ಸೋಡಾ ನೀರಿನಿಂದ ತೊಳೆಯದಿದ್ದರೆ ಅದೇ ಲೋಹವನ್ನು ತಿನ್ನತೊಡಗುತ್ತದೆ.

ಕೋರಿನ ನಡುವೆ, ರೆಕ್ಕೆಗಳ ಒಳಗಡೆ ಕೊಳವೆ ತೂತಾಗಿದ್ದರೆ ಬೆಸುಗೆಯ ಕಬ್ಬಿಣ ಅಲ್ಲಿಗೆ ತಲುಪುವುದಿಲ್ಲ. ಆಗ ಆ ಒಂದು ಕೊಳವೆಯ ಎರಡೂ ತುದಿಗಳನ್ನು ಬೆಸೆದು ಮುಚ್ಚಿಬಿಡುವುದುಂಟು. ಒಂದೆರಡು ಕೊಳವೆಗಳು ಹೋದರೆ ಎಂಜಿನ್ನಿಗೆ ಅದು ತಿಳಿಯುವುದೂ ಇಲ್ಲ. ಅದಕ್ಕಿಂತ ಹೆಚ್ಚು ಮುಚ್ಚಿಸಿಕೊಂಡು ಓಡಿಸುವುದು ಜಾಣತನವಲ್ಲ. ದುರಸ್ತಿಯ ನಂತರ ತೆಳುವಾಗಿ ಕಪ್ಪು ಬಣ್ಣ ಬಳಿಯಬಹುದು. ದಪ್ಪ ಬಣ್ಣ ಶಾಖಕ್ಕೆ ಕಂಬಳಿ ಹೊದಿಸಿದಂತೆ.

ಕೊಳವೆಗಳಲ್ಲಿ ಗಸಿ ಕಟ್ಟಿದ್ದರೆ ಮೇಲ್ ಟ್ಯಾಂಕನ್ನು ಬೆಸುಗೆ ಬಿಡಿಸಿ ತೆಗೆದು, ಪ್ರತಿಯೊಂದು ಕೊಳವೆಯೊಳಗೂ ಉಕ್ಕಿನ ತೆಳುಪಟ್ಟಿಯನ್ನು ಹಾಯಿಸಿ ಶುದ್ಧಗೊಳಿಸಲಾಗುತ್ತದೆ. ತೆಳ್ಳಗಾದ ಕೊಳವೆಗಳು ಈ ಸಂದರ್ಭದಲ್ಲಿ ಹರಿಯುವುದೂ ಉಂಟು.

ಕೋರ್ ಬದಲಾವಣೆ

ಉಗುರಿನಿಂದ ಮೆಲ್ಲಗೆ ಕೆರೆದರೆ ರೆಕ್ಕೆಗಳು ಹಪ್ಪಳದಂತೆ ಪುಡಿಯಾಗುತ್ತಿದ್ದರೆ, ಅಥವಾ ರೆಕ್ಕೆಗಳು ಕೊಳವೆಗಳಿಂದ ಬಿಟ್ಟುಕೊಂಡು ಅಲುಗಾಡುತ್ತಿದ್ದರೆ ಕೋರಿನ ಆಯುಷ್ಯ ಮುಗಿದಿದೆ ಎಂದು ತಿಳಿಯಬೇಕು. ಸೋರಿಕೆಯನ್ನು ನಿಲ್ಲಿಸಿದರೂ ಅಂತಹ ಕೋರ್ ಶಾಖವನ್ನು ಹೊರಹಾಕಲಾರದು. ಮೂಲ ಹಿತ್ತಾಳೆ ಟ್ಯಾಂಕುಗಳನ್ನು ಉಳಿಸಿಕೊಂಡು ನಡುವೆ ಹೊಸ ಕೋರನ್ನು ಬೆಸೆಯುವ ಮಧ್ಯಮಾರ್ಗ ಇಲ್ಲಿ ಲಭ್ಯವಿದೆ. ಹೋಸ್ ಪೈಪಿನ ಕತ್ತು, ಬೋಲ್ಟಿನ ರಂಧ್ರಗಳು ಇದ್ದಲ್ಲಿಯೇ ಇರುವುದರಿಂದ ವಾಹನದಲ್ಲಿ ಏನನ್ನೂ ಮಾರ್ಪಡಿಸಬೇಕಾಗುವುದಿಲ್ಲ. ಹೊರನೋಟವೂ ಕೆಡುವುದಿಲ್ಲವಾದ್ದರಿಂದ ಹಳೆಯ ಕಾರುಗಳನ್ನು ಮೂಲಸ್ವರೂಪದಲ್ಲಿ ಕಾಪಾಡುವವರು ಇದನ್ನೇ ಬಯಸುತ್ತಾರೆ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋದ ಬಳಿಕ ಅದರ ಒಡೆಯರಿಗೆ ಈ ಮಾರ್ಗ ಇನ್ನಷ್ಟು ಉಪಯುಕ್ತವಾಗಿದೆ. ವಾಹನದ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಂತಹ ಪ್ರದೇಶಗಳು ಇಂತಹ ಕೆಲಸವನ್ನು ಅರಸುವವರು ಮೊದಲು ವಿಚಾರಿಸುವ ಜಾಗಗಳು. ಬದಲಿಸಿ ಹಾಕುವ ರೇಡಿಯೇಟರುಗಳ ಕಾಲದಲ್ಲಿ ಬೆಸೆಯಬಲ್ಲ ಕೈಗಳಿಗೆ ಕೆಲಸ ಕಡಿಮೆಯಾಗಿದೆ, ಕಲಿಯಲು ಬರುವ ಹುಡುಗರೂ ವಿರಳ. ಆದ್ದರಿಂದ ಕೆಲಸ ಬಲ್ಲವರನ್ನು ಕಂಡುಕೊಳ್ಳುವುದೇ ದುರಸ್ತಿಯ ಮೊದಲ ಹೆಜ್ಜೆ.

ಹೊಸ ರೇಡಿಯೇಟರ್ ಅಳವಡಿಕೆ

ಟ್ಯಾಂಕು ಒಡೆದುಹೋಗಿದ್ದರೆ, ಅಪಘಾತದಲ್ಲಿ ರೇಡಿಯೇಟರ್ ತಿರುಚಿಕೊಂಡಿದ್ದರೆ, ಅಥವಾ ಹೊಸ ಕೋರಿನ ವೆಚ್ಚ ಹೊಸ ರೇಡಿಯೇಟರಿನ ಬೆಲೆಯನ್ನು ಮೀರುತ್ತಿದ್ದರೆ ಬದಲಾವಣೆಯೇ ಲೇಸು. ಅಲ್ಯುಮಿನಿಯಮ್ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕನ್ನು ಅಂಚು ಮಡಚಿ ಕೂರಿಸಿದ ರೇಡಿಯೇಟರುಗಳಲ್ಲಿ ನಡುವಿನ ರಬ್ಬರ್ ಪಟ್ಟಿಯನ್ನು ಬದಲಿಸಬಹುದಾದರೂ, ಪ್ಲಾಸ್ಟಿಕ್ ಬಿರುಕುಬಿಟ್ಟರೆ ಬಾಳುವ ದುರಸ್ತಿ ಇಲ್ಲ.

ಕೆಲಸವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿಯ ಸಂಪರ್ಕ ಕಳಚಿ ಆರಂಭಿಸಬೇಕು. ಕೆಳಗೆ ಅಗಲವಾದ ಪಾತ್ರೆಯಿಟ್ಟು ಡ್ರೈನ್ ನಲ್ಲಿಯಿಂದ ದ್ರವವನ್ನು ಬಸಿದು, ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳನ್ನು ಬಿಡಿಸಿ, ಅಗತ್ಯವಿದ್ದರೆ ಫ್ಯಾನಿನ ಸುತ್ತುಕವಚವನ್ನು ಸರಿಸಿ, ಬೋಲ್ಟುಗಳನ್ನು ತೆಗೆದು ರೇಡಿಯೇಟರನ್ನು ನೆಟ್ಟಗೆ ಮೇಲಕ್ಕೆತ್ತಲಾಗುತ್ತದೆ. ವರ್ಷಗಳಿಂದ ಕಚ್ಚಿಕೊಂಡ ಹೋಸ್ ಪೈಪನ್ನು ತಿರುಚಿ ಎಳೆದರೆ ರೇಡಿಯೇಟರಿನ ಕತ್ತೇ ಮುರಿಯಬಹುದು. ಹೇಗೂ ಬದಲಿಸಬೇಕಾದ ಹಳೆಯ ಪೈಪನ್ನು ಉದ್ದಕ್ಕೆ ಸೀಳಿ ಬಿಡಿಸುವುದು ಕ್ಷೇಮ. ಹೊಸದನ್ನು ಇಳಿಸುವಾಗ ಕೋರಿಗೂ ಫ್ಯಾನಿಗೂ ನಡುವೆ ರಟ್ಟಿನ ಹಾಳೆಯಿಟ್ಟರೆ ರೆಕ್ಕೆಗಳು ಜಜ್ಜಿಹೋಗುವುದಿಲ್ಲ.

ಇದೇ ಸಂದರ್ಭದಲ್ಲಿ ಹೋಸ್ ಪೈಪು, ಕ್ಲಿಪ್ಪು, ಥರ್ಮೋಸ್ಟಾಟ್ ಮತ್ತು ಮುಚ್ಚಳಗಳನ್ನೂ ಹೊಸದಾಗಿಸುವುದು ವಾಡಿಕೆ. ಬಿಸಿ ಪ್ರದೇಶಕ್ಕೆ ಬೇಡವೆಂದು ಥರ್ಮೋಸ್ಟಾಟನ್ನು ತೆಗೆದುಹಾಕಿಬಿಡುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಅದು ಸರಿಯಾದುದಲ್ಲ: ಎಂಜಿನ್ ತಕ್ಕ ಉಷ್ಣತೆಗೆ ಬಾರದೆ ಓಡಿದರೆ ಇಂಧನ ಹೆಚ್ಚು ಖರ್ಚಾಗುತ್ತದೆ, ಸಿಲಿಂಡರುಗಳೂ ಬೇಗ ಸವೆಯುತ್ತವೆ. ಮುಚ್ಚಳದ ವಿಷಯದಲ್ಲಿಯೂ ಎಚ್ಚರ ಬೇಕು. 4 ಪಿಎಸ್‌ಐಗೆಂದು ಕಟ್ಟಿದ ಹಳೆಯ ರೇಡಿಯೇಟರಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ 15 ಪಿಎಸ್‌ಐ ಮುಚ್ಚಳ ಹಾಕಿದರೆ ಅದರ ಬೆಸುಗೆಗಳು ಬಿಟ್ಟುಕೊಳ್ಳುವುದು ನಿಶ್ಚಿತವೆಂದೇ ಹೇಳಬೇಕು.

ತುಂಬಿಸಲು ಬಟ್ಟಿ ಇಳಿಸಿದ ನೀರು ಮತ್ತು ಕೂಲಂಟಿನ ಮಿಶ್ರಣವೇ ಉತ್ತಮ. ಎಥಿಲೀನ್ ಗ್ಲೈಕಾಲನ್ನು ಸಮಪ್ರಮಾಣದಲ್ಲಿ ಬೆರೆಸಿದ ನೀರು ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಕರ್ನಾಟಕದಲ್ಲಿ ಅಂತಹ ಚಳಿಯ ಪ್ರಶ್ನೆಯೇ ಇಲ್ಲವಾದರೂ, ಅದರೊಡನೆ ಬರುವ ತುಕ್ಕುನಿರೋಧಕಗಳಿಗಾಗಿ ಕೂಲಂಟ್ ಇಲ್ಲಿಯೂ ಬೇಕು. ದ್ರವವನ್ನು ನಿಧಾನವಾಗಿ ಸುರಿದು, ಹೀಟರ್ ಇದ್ದರೆ ಅದರ ಕವಾಟ ತೆರೆದಿಟ್ಟು, ಮುಚ್ಚಳವಿಲ್ಲದೆ ಎಂಜಿನ್ ಓಡಿಸಿದರೆ ಒಳಗೆ ಸಿಲುಕಿದ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಥರ್ಮೋಸ್ಟಾಟ್ ತೆರೆದುಕೊಂಡೊಡನೆ ಮಟ್ಟ ಇಳಿಯುತ್ತದೆ. ಆಗ ಮತ್ತೆ ತುಂಬಿಸಿ ಮುಚ್ಚಳ ಹಾಕಬೇಕು, ಮರುದಿನ ತಣ್ಣಗಿರುವಾಗ ಇನ್ನೊಮ್ಮೆ ನೋಡಬೇಕು.

ಅಪಾಯಗಳು

ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ತೆರೆಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ಒತ್ತಡ ಇಳಿದೊಡನೆ 100 ಡಿಗ್ರಿಗಿಂತ ಬಿಸಿಯಾದ ದ್ರವ ಒಮ್ಮೆಲೇ ಕುದಿದು ಕಾರಂಜಿಯಂತೆ ಚಿಮ್ಮುತ್ತದೆ, ಮುಖ ಮತ್ತು ಕೈಗಳು ಬೇಯುತ್ತವೆ. ಮುಚ್ಚಳದ ಮೇಲೆ ಬಟ್ಟೆ ಹಾಕಿ ತೆರೆಯುವ ರೂಢಿ ಇದಕ್ಕೆ ಪರಿಹಾರವಲ್ಲ. ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿದುಕೊಳ್ಳುವಷ್ಟು ತಣ್ಣಗಾಗುವವರೆಗೆ ಕಾಯುವುದೊಂದೇ ದಾರಿ. ಉಷ್ಣಮಾಪಕದ ಮುಳ್ಳು ಕೆಂಪು ಗುರುತನ್ನು ಮುಟ್ಟಿದರೆ ವಾಹನವನ್ನು ನಿಲ್ಲಿಸಿ ಎಂಜಿನ್ ಆರಿಸಬೇಕು. ಇನ್ನೇನು ನಾಲ್ಕು ಕಿಲೋಮೀಟರ್ ಎಂದು ಓಡಿಸಿದರೆ ಹೆಡ್ ಬಾಗಬಹುದು, ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳಬಹುದು. ಅತಿಯಾಗಿ ಕಾದ ಎಂಜಿನ್ನಿಗೆ ತಣ್ಣೀರು ಸುರಿದಾಗ ಲೋಹ ಒಮ್ಮೆಲೇ ಕುಗ್ಗಿ ಹೆಡ್ ಅಥವಾ ಬ್ಲಾಕ್ ಸೀಳಿಹೋಗುವ ಸಂಭವವೂ ಇದೆ.

ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ವಿಷ. ದೇಹದಲ್ಲಿ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಹಾಳುಗೆಡವುತ್ತದೆ. ಬಸಿದ ಕೂಲಂಟನ್ನು ತೆರೆದ ಬಕೆಟ್ಟಿನಲ್ಲಿ ಬಿಟ್ಟರೆ ನಾಯಿ, ಬೆಕ್ಕುಗಳು ಕುಡಿದು ಸಾಯುತ್ತವೆ. ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿಸಿಟ್ಟರೆ ಮಕ್ಕಳು ಮೋಸಹೋಗಬಹುದು. ಯಾರಾದರೂ ಕುಡಿದರೆ ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು, ಏಕೆಂದರೆ ಪ್ರತಿವಿಷವು ಬೇಗ ಕೊಟ್ಟಷ್ಟೂ ಫಲಕಾರಿ. ಬಾವಿ, ಚರಂಡಿ ಅಥವಾ ಗಿಡಗಳ ಬುಡಕ್ಕೆ ಈ ದ್ರವವನ್ನು ಚೆಲ್ಲಬಾರದು.

ಬೆಸುಗೆಯಲ್ಲಿರುವ ಸೀಸವೂ ವಿಷವೇ. ಹಳೆಯ ಬೆಸುಗೆಯನ್ನು ಕೆರೆಯುವಾಗ ಏಳುವ ಧೂಳು, ಅತಿಯಾಗಿ ಕಾಯಿಸಿದಾಗ ಬರುವ ಹೊಗೆ ಹಾಗೂ ಕೈಗಂಟಿದ ಕಣಗಳ ಮೂಲಕ ಅದು ದೇಹವನ್ನು ಸೇರುತ್ತದೆ. ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡುವುದು, ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯುವುದು, ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಗಳೊಡನೆ ಒಗೆಯದಿರುವುದು ರೇಡಿಯೇಟರ್ ಕೆಲಸಗಾರರಿಗೂ ಅವರ ಮನೆಯ ಚಿಕ್ಕ ಮಕ್ಕಳಿಗೂ ಅಗತ್ಯವಾದ ಮುನ್ನೆಚ್ಚರಿಕೆಗಳಾಗಿವೆ.